ಚಿಲಕ

ರೇ ರೋಡ್ ಸ್ಟೇಷನ್ನಿನ ಆಚಿ, ಗುಜರಿ ಗೋದಾಮಿನ ಗ್ವಾಡಿಗಿ ಬೆನ್ನ ಹಚ್ಚಿ
ಐದು ಮಂದಿ ಕುಂತಿದ್ದಿವಿ.
ವೈಜಯಂತಿ ತಾಯಿ ಬಂದ್ಳು. ಚೀಲದಾಗ ಹೊಸ ಸೂಜಿ, ಹತ್ತಿ,
ಹೋದ ಉಸಿರು ತಿರುಗಿ ಕರಿಯೋ ಒಂದು ಸಣ್ಣ ಬಾಟ್ಲಿ.
ಮರಾಠಿಯೊಳಗ ತಾಯಿ ಅಂದ್ರ ಅಕ್ಕ.
ನನ್ನ ಬಾಯಾಗ ಮಾತ್ರ ಅದು
ಸಿಂದಗಿಗಿ ಹೋಗಿ ಬರತದ.

"ಪುಡಿಯೊಳಗ ಏನೋ ಬೆರಸ್ಯಾರಂತ ಸುದ್ದಿ," ಅಂದ್ಳು.
"ಫೆಂಟನಿಲ್. ಉಪ್ಪಿನ ಹಳ್ಳಿನಷ್ಟು ಬಿದ್ರ ಸಾಕು, ಎದಿ ಉಸಿರ ಮರೀತದ."

ಗುಲಾಬ್ಯಾ ಕೇಳಿದ: "ಅಷ್ಟು ಖಡಕ್ಕಾ? ಯಾರ ಹತ್ರ ಸಿಗತದ?"
ನಕ್ಕಿವಿ. ತಾಯೀನೂ ನಕ್ಕಳು, ಅರ್ಧ.
ಮಸ್ತಾನ ಚಾಚಾ ತೋಳು ಏರಿಸಿದ:
"ಇಪ್ಪತ್ತೆರಡು ವರ್ಷ! ನೋಡಿದ್ರ ಸಾಕು, ಮಾಲಿನ ಕುಲಗೋತ್ರ ಹೇಳತೀನಿ.
ಸಾಯೋರು ಹೊಸಾ ಹುಡುಗ್ರು."
ಅದೆಲ್ಲ ಅಮೆರಿಕಾದ ರೋಗ, ಅಂದ ನೆಲ್ಸನ್,
ಬಡವರ ಪುಡಿಯೊಳಗ ವಿಷ ಹಾಕಾಕೂ
ರೊಕ್ಕ ಯಾರು ಖರ್ಚು ಮಾಡತಾರ?

ನಾ ಏನೂ ಅನಲಿಲ್ಲ.
ನನಗ ಸಾವಿನಕಿಂತ ನಾಳಿ ಮುಂಜಾನಿ ಐದರ ಅಂಜಿಕಿ.
ಮೂಗು ಸೋರತದ, ಎಲುಬಿನೊಳಗ ಇರಬಿ ಹರೀತಾವ,
ಮೊದಲ ಲೋಕಲ್ಲಿನ ಸಪ್ಪಳಕ್ಕ ಹಲ್ಲು ಜುಮ್ ಅಂತಾವ.
ಸಾವು ಒಮ್ಮೆ ಬರತದ.
ಮುಂಜಾನಿ ದಿನಾ ಬರತದ.

ಖರೆ ಹೇಳಬೇಕಂದ್ರ, ದಸ್ತಗೀರ ಹೋದ ದಿನ
ನಾವು ಮೊದಲ ಕೇಳಿದ್ದು ಹೆಂಗ ಹೋದ ಅಂತ ಅಲ್ಲ,
ಯಾರ ಮಾಲು ಅಂತ.
ಕೇಳಿ, ಅಲ್ಲಿಗೇ ಹೋದಿವಿ.

ಎರಡು ರೂಪಾಯಿ ಕೊಟ್ಟು ಪಾಯಖಾನಿ ಹೊಕ್ಕಿದ್ದ,
ಒಳಗಿಂದ ಚಿಲಕ ಹಾಕಿ.
ಬಾಗಿಲ ಮುರಿಯೋದ್ರಾಗ ತುಟಿ ನೇರಳಿ ಹಣ್ಣು.
ಪೊಲೀಸರು ಬರತಾರಂತ ನಾಲ್ಕು ಮಂದಿ ಓಡಿದ್ರು.
ಅದರಾಗ ಒಬ್ಬಾಂವ ನಾ.

ಬಾಟ್ಲಿ ಯಾರೂ ಮುಟ್ಟಲಿಲ್ಲ. ತಾಯಿ ಕಲ್ಲಿನ ಮ್ಯಾಲ ಇಟ್ಟು ಹೋದ್ಳು.
ಕತ್ತಲಾದ ಮ್ಯಾಲ ನಾ ಕಿಸೆದಾಗ ಹಾಕ್ಕೊಂಡೆ.
ಬಿಡತೀನಿ ಅಂತ ಅಲ್ಲ.
ಅಂಥ ಆಣಿ ಮಾಡೂ ಬಾಯಿ ನಂದಲ್ಲ.
ಆದ್ರ ಈ ಔಷಧದ ತಕರಾರು ಒಂದದ:
ತನಗ ತಾನ ಹಾಕ್ಕೊಳ್ಳಾಕ ಬರೂದಿಲ್ಲ,
ಇನ್ನೊಬ್ಬರ ಕೈ ಬೇಕು.

ಅದಕ್ಕ ಈಗ ಪಾಯಖಾನಿ ಕಾಯೋ ರಾಮಸೂರತಗ
ಎರಡಲ್ಲ, ಐದು ಕೊಡತೀನಿ.
ಬಾಟ್ಲಿ ಅವನ ಫಿನಾಯಿಲ್ ಡಬ್ಬಿ ಹಿಂದ ಅದ.
ಚಿಲಕ ಹಾಕೂದಿಲ್ಲ.
ಅಂವ ನೀರ ಹೊಡಿತಾ, ಬೈತಾ, ಬಾಗಿಲ ಬಡೀತಾನ:
"ಏ ಕಾನಡಿ, ಜಿಂದಾ ಹೈ ಕ್ಯಾ?"

ನಾಲಿಗಿ ದಪ್ಪ ಆಗಿರತದ.
ಗ್ವಾಡಿಗಿ ಎರಡು ಸಲ ಕುಟ್ಟತೀನಿ.
ಒಂದ ಸಲ ಕುಟ್ಟಿದ್ರ
ಅಂವ ನಂಬೂದಿಲ್ಲ.