ಒಂಟಿಕಾಲಿನ ಲೆಕ್ಕ

ಮೂವತ್ತು ಸೆಕೆಂಡು ನಿಲ್ಲಿ ಅಂದೆ, ಎಡಗಾಲ ಮೇಲೆ.
ಗೋಡೆಗೆ ಒಂದು ಬೆರಳು ತಾಗಿಸಬಹುದು, ಒರಗುವಂತಿಲ್ಲ.
ನೊಲ್ಫಾ ಕಾತ್ರಿಲೆಯೊ, ವಯಸ್ಸು ಐವತ್ತೆಂಟು,
ವಾಲ್ಪರೈಸೊದ ಮೂರು ಗುಡ್ಡಗಳಿಗೆ ಟಪಾಲು ಹಂಚುವವಳು,
ಅಂಕಿ ಎಣಿಸಲಿಲ್ಲ. ಮನೆ ಎಣಿಸಿದಳು:
ನೀಲಿ ತಗಡಿನ ಮನೆ, ಕುಂಟುನಾಯಿಯ ಮನೆ,
ಸಹಿ ಹಾಕಲು ಕನ್ನಡಕ ಹುಡುಕುವ ಮುದುಕನ ಮನೆ,
ಯಾರೂ ಬರೆಯದಿದ್ದರೂ ದಿನಾ ಬಾಗಿಲಲ್ಲಿ ನಿಲ್ಲುವವಳ ಮನೆ...
ಹನ್ನೊಂದನೆಯ ಮನೆಗೆ ಮುಖ ಕಿವುಚಿತು.
ಬಲಸೊಂಟ ಕೆಳಗೆ ಜಾರಿತು,
ತಕ್ಕಡಿಯ ತಟ್ಟೆಗೆ ಯಾರೋ ಕಲ್ಲಿಟ್ಟ ಹಾಗೆ.

ಬಿದ್ದದ್ದು ಬಲಕ್ಕೆ, ಕೆಟ್ಟದ್ದು ಎಡಕ್ಕೆ.
ಇದನ್ನು ನಂಬಿಸುವುದು ಪ್ರತಿಸಲವೂ ಕಷ್ಟ.

ಪ್ಲಾಸ್ಟಿಕ್ ಬೊಂಬೆಯನ್ನು ಕಪಾಟಿನಿಂದ ಇಳಿಸಿದೆ.
ಅದರ ಪಿರ್ರೆ ಕಳಚಿ ಬರುತ್ತದೆ, ಹೋಳುಹೋಳಾಗಿ.
ಮೇಲಿರುವವನು ಹಿರಿಯ: ದಪ್ಪ ದೇಹ, ದಪ್ಪ ಹೆಸರು.
ಮೆಟ್ಟಿಲೇರುವಾಗ, ಕುರ್ಚಿ ಬಿಟ್ಟೇಳುವಾಗ ದುಡಿಯುತ್ತಾನೆ,
ಸಪಾಟು ನೆಲದಲ್ಲಿ ಅರೆನಿದ್ದೆ.
ನಿತಂಬ ಎಂದು ಕವಿಗಳು ಹೊಗಳಿದ್ದು ಇವನನ್ನೇ,
ಬೀದಿಯ ಬೈಗುಳದಲ್ಲಿ ಬರುವವನೂ ಇವನೇ.
ಏನು ಕೆಲಸ ಮಾಡುತ್ತೀಯಪ್ಪಾ ಅಂತ ಮಾತ್ರ
ಅವರೂ ಕೇಳಲಿಲ್ಲ, ಇವರೂ ಕೇಳಲಿಲ್ಲ.

ಅವನನ್ನು ಪಕ್ಕಕ್ಕಿಟ್ಟರೆ ನಡುವಿನವನು.
ಚಪ್ಪೆಮೂಳೆಯ ಮೇಲೆ ಬೀಸಣಿಗೆಯಾಗಿ ಹರಡಿ
ಹಿಡಿಕೆಯನ್ನು ತೊಡೆಮೂಳೆಯ ಗುಬುಟಿಗೆ ಸಿಕ್ಕಿಸಿದವನು.
ನಡಿಗೆಯೆಂದರೆ ಏನು ನೊಲ್ಫಾ? ಒಂಟಿಕಾಲಲ್ಲಿ ನಿಲ್ಲುವುದು,
ಆಮೇಲೆ ಇನ್ನೊಂದು ಒಂಟಿಕಾಲಲ್ಲಿ.
ಆ ಕಾಲು ಗಾಳಿಯಲ್ಲಿರುವಷ್ಟು ಹೊತ್ತು
ಮೈ ಆ ಕಡೆ ಕುಸಿಯದಂತೆ
ಈ ಕಡೆಯಿಂದ ಹಗ್ಗ ಜಗ್ಗುವವನು ಇವನು.
ಇವನ ಕೆಳಗೆ ಕಿರಿಯ. ಅಣ್ಣ ಎಳೆದ ಕಡೆ ಎಳೆಯುತ್ತಾನೆ,
ಅವನ ಹೆಸರು ಚೀಟಿಯಲ್ಲಿ ಬರುವುದೇ ಅಪರೂಪ.

"ಆ ಅಡ್ಡ ಮಲಗಿರೋದು?" ಅಂದಳು.
ಬೇರಿಕಾಯಿ ಅಂದೆ. ಬೇರಿಕಾಯಿ ಆಕಾರದ ಪುಟ್ಟ ಸ್ನಾಯು.
ಅದರಡಿಯಿಂದ ಕಿರುಬೆರಳು ದಪ್ಪದ ನರವೊಂದು
ಕಾಲಿಗೆ ಇಳಿಯುತ್ತದೆ; ಕೆಲವರಲ್ಲಿ ಕಾಯಿಯನ್ನೇ ಸೀಳಿಕೊಂಡು.
ಅವಳ ಗಂಡ ಎಲಿಸೆಯೊ ಬಸ್ಸು ಓಡಿಸುತ್ತಾನಂತೆ,
ಹಿಂದಿನ ಜೇಬಿನ ಪರ್ಸಿನ ಮೇಲೆ ಹತ್ತು ಗಂಟೆ ಕೂತು
ಹಿಮ್ಮಡಿತನಕ ಕರೆಂಟು ಹೊಡೀತದೆ ಅಂತಾನಂತೆ.
ಪರ್ಸು ತೆಗೆದಿಡಲಿ ಅಂದೆ. ನಕ್ಕಳು:
"ಅದರಲ್ಲಿ ದುಡ್ಡೆಲ್ಲಿದೆ, ಬರೀ ರಸೀದಿ."

ಅವಳದು ನರವಲ್ಲ. ನಡುವಿನವನ ಹುರಿ
ಮೂಳೆಗೆ ಅಂಟುವಲ್ಲಿ ಎಳೆಎಳೆ ಬಿಟ್ಟಿದೆ,
ಹಳೆ ಸೆಣಬಿನ ಚೀಲದ ಬಾಯಿಯಂತೆ.
ಎಡಮಗ್ಗುಲಾದರೆ ರಾತ್ರಿ ಎರಡಕ್ಕೆ ಎಚ್ಚರ;
ಬಲಮಗ್ಗುಲಾದರೆ ಮೇಲಿನ ಮೊಣಕಾಲು ಜೋತುಬಿದ್ದು
ಅದೇ ನೋವು, ಮೂರಕ್ಕೆ.
ಮೆಟ್ಟಿಲು ಅಂತ ಅವಳ ವಾದ, ವಯಸ್ಸು ಅಂತ ಅವಳ ಸಾಹೇಬನದು.
ನಾನು ಕೇಳಿದೆ: ಬಾಗಿಲು ತೆರೆಯುವತನಕ ಹೇಗೆ ನಿಲ್ಲುತ್ತೀರಿ?
ತೋರಿಸಿದಳು. ಎಡಸೊಂಟ ಹೊರಗೆ ಚಾಚಿ,
ಮಗುವನ್ನು ಎತ್ತಿಕೊಂಡವಳ ಹಾಗೆ, ಮೈಯೆಲ್ಲ ಅದರ ಮೇಲೆ ಹೇರಿ.
"ಮೂರೂ ಮಕ್ಕಳು ಇಲ್ಲೇ ಬೆಳೆದದ್ದು," ಗುಬುಟು ತಟ್ಟಿದಳು.
ಮಕ್ಕಳು ಇಳಿದುಹೋಗಿ ಇಪ್ಪತ್ತೈದು ವರ್ಷ.
ಸೊಂಟಕ್ಕೆ ಯಾರೂ ಹೇಳಿಲ್ಲ.

ಹನ್ನೆರಡು ವಾರ. ಮೊಣಕಾಲುಗಳ ನಡುವೆ ದಿಂಬು.
ಕಾಲ ಮೇಲೆ ಕಾಲು ಬೇಡ. ಸೂಜಿ ಚುಚ್ಚಿಬಿಡಿ ಅಂದಳು, ತಡೆಯಿರಿ ಅಂದೆ.
ಗೋಡೆಗೆ ಬೆರಳು, ದಿನಕ್ಕೆರಡು ಸಲ, ಮನೆಗಳ ಎಣಿಕೆ.
ಹದಿನಾಲ್ಕು. ಹತ್ತೊಂಬತ್ತು.
ಕಡಲಿಂದ ಮಂಜು ಏರಿದ ವಾರ ಮತ್ತೆ ಹನ್ನೆರಡು.
ಆಮೇಲೆ ಬರಲೇ ಇಲ್ಲ. ಫೋನೂ ಎತ್ತಲಿಲ್ಲ.

ನವೆಂಬರಿನಲ್ಲಿ ನನ್ನ ಬಾಗಿಲು ಬಡಿಯಿತು. ರಿಜಿಸ್ಟರ್ಡ್ ಕಾಗದ.
ಗುಡ್ಡದ ಲಿಫ್ಟು ಕೆಟ್ಟಿತ್ತು ಅಂದು, ಹತ್ತಿಕೊಂಡೇ ಬಂದಿದ್ದಳು.
ನಾನು ಪೆನ್ನು ಹುಡುಕುವಷ್ಟು ಹೊತ್ತೂ
ಎರಡು ಕಾಲ ಮೇಲೆ ಸಮನಾಗಿ ನಿಂತಿದ್ದಳು,
ನೆಟ್ಟ ಕಂಬದಂತೆ, ಕೊಂಚ ಸಿಡುಕಿನಿಂದ.
ಸಹಿ ಹಾಕುವಾಗ ಅವಳ ಕಣ್ಣು ಕೆಳಗೆ ಹೋಯಿತು.
"ಸೊಂಟ," ಅಂದಳು.

ನೋಡಿಕೊಂಡೆ. ಬಲಕ್ಕೆ ವಾಲಿದ್ದೆ,
ಯಾವ ಮಗುವೂ ಎಂದೂ ಕೂರದ ಜಾಗದ ಮೇಲೆ
ಮೈಯೆಲ್ಲ ಹೇರಿ.