ನೆಲಗುಬ್ಬಿಯ ಮೊಟ್ಟೆ

ಇಸವಿ ಕೇಳಬೇಡ ಗುಮಾಸ್ತ,
ನಮ್ಮಲ್ಲಿ ಇಸವಿ ಇರಲಿಲ್ಲ, ದನಗಳಿದ್ದವು.
ಅರಸನ ಹೆಸರನ್ನೂ ಕೇಳಬೇಡ.
ಆ ಹೆಸರಿನ ಒಂದು ಸದ್ದು ನೀರೆಂಬ ಮಾತಿನೊಳಗೆ
ಸಿಕ್ಕಿಕೊಂಡಿದೆಯೆಂದು ನನ್ನವಳು
ಬದುಕಿಡೀ ಆ ಮಾತು ಆಡಲಿಲ್ಲ.
ಸಾಯುವಾಗಲೂ ‘ಹರಿಯುವುದು ಕೊಡು’ ಅಂದಳು,
ಸೋರೆಬುರುಡೆ ತಂದುಕೊಟ್ಟೆ.

ಬರೆದುಕೋ: ಲುಗಾಜು, ಅರಸನ ದನ ಕಾಯುವವನು.
ಅವನು ಹುಟ್ಟಿದ್ದು ಕೆಮ್ಮುರೋಗಕ್ಕೆ ಮುಂಚೆ.
ಪಟ್ಟಕ್ಕೆ ಬಂದದ್ದು, ಖಾಲಿಯಾದ ದೊಡ್ಡಿಗಳು
ಮತ್ತೆ ತುಂಬಿ ಬೇಲಿಗೆ ಒರಗತೊಡಗಿದ ಮೇಲೆ.
ನಡುವೆ ಅಣ್ಣತಮ್ಮಂದಿರಲ್ಲಿ ಆದದ್ದನ್ನು
ನದಿಯನ್ನು ಕೇಳು, ನನ್ನನ್ನಲ್ಲ.

ಕರಿ ಮಂದೆ ಹರೆಯದ ಪಡೆಯ ಗುರಾಣಿಗೆ.
ಬಿಳಿ ಮಂದೆ, ತಲೆಗೆ ಅಂಟಿನ ಬಳೆ ಹೊಲಿಸಿಕೊಂಡ ಗಂಡಸರಿಗೆ.
ಕೆಂದ, ಕಂದು, ಹಂಡ, ಹೊಗೆಬಣ್ಣ,
ಕತ್ತಲಲ್ಲಿ ಒಂದು ಸೀನಿದರೆ ಸಾಕು
ಯಾವುದರ ಮಗಳು ಎಂದು ಹೇಳುತ್ತಿದ್ದೆ.
ಹಾಲು ಕರೆಯುವ ಹೊತ್ತಿಗೆ ಅರಸ ಬರುತ್ತಿದ್ದ,
ಭಾರಿ ಆಳು, ಅವಸರವಿಲ್ಲದ ಕಾಲು.
ಕೆನೆಮೈಗೆ ಕಂದು ಚುಕ್ಕಿ ಸಿಡಿದ ಒಂದು ಹೋರಿಯಿತ್ತು,
ಹುಲ್ಲಲ್ಲಿ ಕಾಣುವ ನೆಲಗುಬ್ಬಿ ಮೊಟ್ಟೆಯಂಥದು.
ಪ್ರತಿ ಬೆಳಿಗ್ಗೆ ಅದೇ ತಮಾಷೆ:
‘ಲುಗಾಜು, ಮೊಟ್ಟೆಗೆ ನಡೆಯಲು ಕಲಿಸಿದವರು ಯಾರೋ?’
ಪ್ರತಿ ಬೆಳಿಗ್ಗೆ ನಾನು ನಕ್ಕೆ.
ನಗಲೇಬೇಕಿತ್ತು. ಆದರೆ ನಗು ನಿಜದ್ದೇ.

ಕೆಂಪಂಗಿಯವರು ಬಂದದ್ದು ನಿನಗೆ ಗೊತ್ತು,
ನಿಮ್ಮವರು ಹಾಳೆಗಟ್ಟಲೆ ಬರೆದಿದ್ದಾರೆ.
ಮೂರು ದಿನ ಉರಿಯಿತು ಅರಮನೆ;
ಹುಲ್ಲುಮನೆಗಳು, ನೆಲದಡಿಯ ಜೋಳದ ಹಗೇವು ಕೂಡ.
ಕಾಡಿನಲ್ಲಿ ನಾನು, ಉಳಿದ ದನ, ಕೆಲವು ಹೆಂಗಸರು,
ಬೇರು ಅಗಿಯುತ್ತ ಅಳಲು ಮರೆತ ಮಕ್ಕಳು.
ಎಂಟನೆಯ ಸಂಜೆ ನಾನೇ ಅದರ ಹೆಗಲ ಹಿಂದೆ ಭರ್ಜಿ ಇಟ್ಟೆ.
ಅದು ತಿರುಗಿ ನೋಡಿತು, ಸೊಳ್ಳೆ ಕಚ್ಚಿದಂತೆ.
ಎಲ್ಲ ಮಾಂಸದ ಹಾಗೇ ಇತ್ತು ಅದರ ಮಾಂಸ.
ತಡೆಯಲಾಗದ್ದು ಅದೊಂದೇ.

ವರ್ಷಗಳಾದ ಮೇಲೆ ಹಡಗಿನಲ್ಲಿ ಮರಳಿ ತಂದರು ಅವನನ್ನು.
ಗುಂಡಿಯ ಕೋಟು, ಸಾಬೂನಿನ ವಾಸನೆ.
ನಾಡನ್ನಾಗಲೇ ಬೇಟೆಯಂತೆ ಕೊಯ್ದು ಹಂಚಿಯಾಗಿತ್ತು.
ನನ್ನ ಕರೆಸಿದ. ‘ನೆಲಗುಬ್ಬಿ ಎಲ್ಲಿ?’
‘ಗುಡ್ಡದಲ್ಲಿದೆ ಒಡೆಯಾ, ಮೈ ತುಂಬಿಕೊಂಡಿದೆ.’
ಸುಮ್ಮನೆ ನನ್ನ ಕೈಗಳನ್ನು ನೋಡಿದ.
‘ರುಚಿಯಾಗಿತ್ತೆ?’

ಇತ್ತು ಅಂದೆ.
‘ಎಷ್ಟು ಮಂದಿ ಉಂಡರು?’
‘ನಲವತ್ತು. ಮಕ್ಕಳನ್ನು ಬಿಟ್ಟು.’
‘ಮಕ್ಕಳನ್ನೇಕೆ ಬಿಟ್ಟೆ? ಎಣಿಸು.’
ಒಬ್ಬೊಬ್ಬರ ಹೆಸರು ಹೇಳುತ್ತ ಎಣಿಸಿದೆ.
ಕೈಬೆರಳು ಮುಗಿದವು, ಅವನು ತನ್ನ ಬೆರಳು ಚಾಚಿದ.

ಆಮೇಲೆ ಹೆಚ್ಚು ದಿನ ಇರಲಿಲ್ಲ.
ವಿಷ ಅನ್ನುವವರಿದ್ದಾರೆ, ಎದೆ ಒಡೆಯಿತು ಅನ್ನುವವರೂ.
ಕರಿ ಹೋರಿಯ ಹಸಿ ಚರ್ಮದಲ್ಲಿ ಸುತ್ತಿ
ಎತ್ತಿನಗಾಡಿಯಲ್ಲಿ ಕಾಡಿಗೆ ಒಯ್ದೆವು.
ಹೊತ್ತ ಗಾಡಿಯನ್ನು ಮನೆಗೆ ತರಬಾರದು;
ಅಲ್ಲೇ ಬಿಟ್ಟು ಬಂದೆವು, ಗೆದ್ದಲಿಗೆ.

ಏನು ಬರೆದೆ, ಓದು.
ಪಟ್ಟ, ಯುದ್ಧ, ಸೆರೆ, ಸಾವು. ಇಷ್ಟೇನಾ?
ಮಸಿ ಆರಿಲ್ಲ ತಾನೆ, ಇನ್ನೊಂದು ಸೇರಿಸು:
ಮಕ್ಕಳು ಹದಿನೇಳು.
ಒಂದು ಎದೆಹಾಲಿನ ಕೂಸು, ಮಾಂಸ ಮುಟ್ಟಲಿಲ್ಲ.
ಆದರೂ ಸೇರಿಸು. ಅವನು ಸೇರಿಸಿದ್ದ.