ಚೀಟಿಯಿಲ್ಲದ್ದು

ಅಪ್ಪ ಕಲ್ಲು ನೆಕ್ಕುತ್ತಿದ್ದ.
ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ
ಮದುವೆಗೆ ಮುಂಚೆ ಅಮ್ಮನಿಗೆ ಯಾರೂ ಹೇಳಿರಲಿಲ್ಲ.
ಒದ್ದೆ ಕಲ್ಲು ತನ್ನ ಬಣ್ಣ ಮುಚ್ಚಿಡುವುದಿಲ್ಲ ಅನ್ನುತ್ತಿದ್ದ,
ನಾಲಿಗೆ ತುದಿಯಲ್ಲಿ ಜೇಡಿ ಇನ್ನೂ ಇರುವಾಗಲೇ
ಬಂಗುಡೆ ಪುಳಿಮುಂಚಿಗೆ ಉಪ್ಪು ಕಡಿಮೆ ಅನ್ನುತ್ತಿದ್ದ.
ಅಮ್ಮ ಬೈಯುತ್ತಿದ್ದಳು.

ಮಲ್ಪೆಯ ಮೊಗವೀರರ ಮಗ ವಾಮನ ಕುಂದರ್,
ಕಡಲಿಗೆ ಬೆನ್ನು ಹಾಕಿದವ, ಈಜು ಬಾರದವ.
ಅಜ್ಜ ಬಲೆ ಹರಡಿದರೆ ಇವ
ಅಂಚಿನ ಗುಂಡುಕಲ್ಲು ಬಿಡಿಸಿಕೊಂಡು ಓಡುತ್ತಿದ್ದನಂತೆ.
ಹತ್ತೊಂಬತ್ತಕ್ಕೆ ಸೇನೆ ಸೇರಿದ. ಅಲ್ಲಿ ಬರೀ ಮರಳು.
ಎಪ್ಪತ್ತೊಂದರ ಚಳಿಯಲ್ಲಿ, ತಾನೇ ತೋಡಿದ ಕಂದಕದೊಳಗೆ
ಕೂತವನ ಕಣ್ಣಮಟ್ಟಕ್ಕೆ
ಮಣ್ಣಿನ ಗೋಡೆ: ಮರಳು, ಮರಳು, ನಡುವೆ
ಬೆರಳು ದಪ್ಪದ ನುಣುಪು ಜೇಡಿಯ ಗೆರೆ.
ಇಲ್ಲೊಂದು ಹೊಳೆ ಇತ್ತು, ಅಂದನಂತೆ ಪಕ್ಕದವನಿಗೆ.
ಪಕ್ಕದವ ಕೇಳಿಸಿಕೊಂಡನೋ ಇಲ್ಲವೋ.
ಆಮೇಲಿನದ್ದನ್ನು ಅಪ್ಪ ಹೇಳಲಿಲ್ಲ.
ಎಡಗಿವಿ ಅಲ್ಲೇ ಉಳಿಯಿತು.

ಬಂದವ ಡಿಗ್ರಿ ಮಾಡಿದ, ಮೀಸೆ ಚಿಗುರದ ಹುಡುಗರ ನಡುವೆ
ದಪ್ಪ ಮೀಸೆ ಹೊತ್ತು ಕೂತು.
ಆಮೇಲೆ ಇಲಾಖೆಯ ಜೀಪು, ಸುತ್ತಿಗೆ, ಭೂತಗನ್ನಡಿ, ಸಣ್ಣ ಆಸಿಡ್ ಬಾಟಲಿ.
ಪಡುಬಿದ್ರಿ, ಕಾಪು, ಕಟಪಾಡಿ, ಬಾವಿಯಿಂದ ಬಾವಿಗೆ ಇಳಿದು
ಸಿಹಿನೀರು ಎಲ್ಲಿ ಮುಗಿಯುತ್ತದೆ, ಕಡಲು ಎಲ್ಲಿಂದ ಒಳಗೆ ಬರುತ್ತದೆ
ಬರೆದುಕೊಂಡ.
"ಇಲ್ಲಿ ತೋಡಬೇಡಿ" ಎಂದು ಮುಖಕ್ಕೇ ಹೇಳುವ ಅಭ್ಯಾಸ;
ಜನ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನಡೆಯುವವನನ್ನು ಕರೆದರು.
ಅವನಿಗೆ ಕೋಳಿಯೂಟ, ಅಪ್ಪನಿಗೆ ಬೆಲ್ಲ ನೀರು.

ರಾತ್ರಿ ಎಡಗಿವಿ ದಿಂಬಿಗೆ ಒತ್ತಿ ಮಲಗುತ್ತಿದ್ದ,
ಕೇಳುವ ಕಿವಿ ಮೇಲೆ. ನಮ್ಮಲ್ಲಿ ಯಾರು ಕೆಮ್ಮಿದರೂ
ದೀಪ ಹತ್ತುವ ಮೊದಲೇ ಅವನ ಅಂಗೈ ಎದೆಯ ಮೇಲೆ.
ಅಮ್ಮ ಜಗಳಕ್ಕೆ ಮಾತ್ರ ಎಡಕ್ಕೆ ಹೋಗಿ ನಿಲ್ಲುತ್ತಿದ್ದಳು.
ಬೈದು ಮುಗಿಸಿ, ಸುತ್ತು ಹಾಕಿ ಬಲಕ್ಕೆ ಬಂದು
ಚಾ ಬೇಕಾ, ಅನ್ನುತ್ತಿದ್ದಳು.

ಅಳಿಯಕಟ್ಟಿನ ಲೆಕ್ಕದಲ್ಲಿ ನಾವು ಅಮ್ಮನ ಬಳಿ.
"ನಿಮ್ಮ ಬಳಿ ಬೇರೆ, ನನ್ನ ಬಳಿ ಬೇರೆ" ಎಂದು ನಗುತ್ತಿದ್ದ,
ಬಳಿಯೇ ಕೂತು, ನನ್ನ ಜಡೆಗೆ ರಿಬ್ಬನ್ ಕಟ್ಟುತ್ತ.
ಸುತ್ತಿಗೆ ಹಿಡಿದ ಕೈಯ ಗಂಟು
ಸಂಜೆ ಶಾಲೆ ಬಿಟ್ಟರೂ ಬಿಚ್ಚುತ್ತಿರಲಿಲ್ಲ.

ಒಂದು ಭಾನುವಾರ ತೋನ್ಸೆಪಾರಿಗೆ. ಅಪ್ಪ
ದೋಣಿಯಂಚು ಬಿಗಿ ಹಿಡಿದು, ಬಿಳಿಚಿಕೊಂಡು;
ದಡ ಮುಟ್ಟಿದ್ದೇ ಕಂಬಕಂಬವಾಗಿ ನಿಂತ ಕಲ್ಲಿನ ಮೇಲೆ
ಹುಡುಗನಂತೆ ಹಾರಿ:
"ಬೆಂಕಿ ಆರುವಾಗ ಹೀಗೆ ಮೂಲೆಮೂಲೆಯಾಗಿ ಬಿರಿಯುತ್ತದೆ.
ಅವಸರ ಮಾಡಿದ್ದರೆ ಇಷ್ಟು ಚಂದ ಬರುತ್ತಿರಲಿಲ್ಲ."
ಆರಲು ಎಷ್ಟು ಸಮಯ ಬೇಕಾಯಿತು, ತಮ್ಮ ಕೇಳಿದ.
ಅಪ್ಪ ಉತ್ತರಿಸಲಿಲ್ಲ.
ತಮ್ಮ ಎಡಗಡೆ ನಿಂತಿದ್ದನೇನೋ.

ಈಗ ಮಂಚದಡಿಯ ಪೆಟ್ಟಿಗೆ ತೆರೆದಿದ್ದೇವೆ.
ಪ್ರತಿ ಕಲ್ಲಿಗೂ ಚೀಟಿ: ಊರು, ಆಳ, ತಾರೀಕು.
ನಮ್ಮ ಹಾಲುಹಲ್ಲುಗಳಿಗೂ ಚೀಟಿ:
"ದೇವಿಕಾ, ಕೆಳಗಿನದು, ತಾನಾಗಿ ಬಿದ್ದದ್ದು."
ಒಂದಕ್ಕೆ ಮಾತ್ರ ಇಲ್ಲ. ಕೆಂಪು ತುಂಡು, ಒಂದು ಮಗ್ಗುಲು ಮಸಿ.
ಚಿಕ್ಕಂದಿನಲ್ಲಿ ಕೇಳಿದ್ದೆ. ಕಸಿದುಕೊಳ್ಳಲಿಲ್ಲ,
ಮೆಲ್ಲ ತೆಗೆದುಕೊಂಡು, "ಇದು ಕಲ್ಲಲ್ಲ ಮಗಾ, ಇಟ್ಟಿಗೆ,
ಯಾರದ್ದೋ ಒಲೆಯದ್ದು" ಅಂದಿದ್ದ. ಸ್ವಲ್ಪ ಹೊತ್ತು ಬಿಟ್ಟು
"ಆಚೆ ಕಡೆಯ ಊರಿನದ್ದು."

ಪೆನ್ನು ಹಿಡಿದು ಕೂತಿದ್ದೇನೆ. ಆಳ ಎಷ್ಟು ಬರೆಯಲಿ?
ಅಮ್ಮ ಅದನ್ನು ಎತ್ತಿಕೊಂಡಳು, ಬೆಳಕಿಗೆ ತಿರುಗಿಸಿದಳು,
ನಲವತ್ತು ವರ್ಷ ಬೈದವಳು
ನಾಲಿಗೆಗೆ ಮುಟ್ಟಿಸಿದಳು.
ಉಪ್ಪಿದೆ, ಅಂದಳು.